ಕೀನ್ಯಾದಲ್ಲಿ ಹತ್ತು ಲಕ್ಷ ಕಾಗೆಗಳಿಗೆ ವಿಷ: ಹೊರಗಿನಿಂದ ಬಂದ ಜೀವಿಗಳ ಸಂಹಾರ ಮತ್ತು ಅಹಿಂಸೆ

2024ರ ಜೂನ್ ತಿಂಗಳಲ್ಲಿ ಕೀನ್ಯಾ ದೇಶದ ವನ್ಯಜೀವಿ ಇಲಾಖೆ ಒಂದು ಯೋಜನೆ ಪ್ರಕಟಿಸಿತು. ಆ ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷ ಕಾಗೆಗಳನ್ನು ನಿರ್ಮೂಲ ಮಾಡಬೇಕು ಎಂಬುದು ಗುರಿ. ಆ ಕಾಗೆ ಬೇರೆ ಯಾವುದೋ ಅಲ್ಲ. ನಮ್ಮ ಮನೆಯ ಮಾಡಿನ ಮೇಲೆ, ಬೀದಿಯ ವಿದ್ಯುತ್ ತಂತಿಯ ಮೇಲೆ ಕುಳಿತು ಕೂಗುವ ಬೂದು ಕತ್ತಿನ ಊರಕಾಗೆಯೇ ಅದು. ಅಲ್ಲಿ ಅದನ್ನು ಕರೆಯುವುದೇ ಭಾರತದ ಕಾಗೆ ಎಂದು.

ಕಾಗೆ ಕೊಲ್ಲುವ ಸುದ್ದಿ ಜೈನರಿಗೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಇದೆ. ಇಂದು ಜಗತ್ತಿನ ಹಲವು ದೇಶಗಳಲ್ಲಿ ಪ್ರಾಣಿಗಳ ದೊಡ್ಡ ಪ್ರಮಾಣದ ಸಂಹಾರ ಮಾಂಸಕ್ಕಾಗಿಯೋ ಮೋಜಿಗಾಗಿಯೋ ಅಲ್ಲ, ಪ್ರಕೃತಿ ಸಂರಕ್ಷಣೆಯ ಹೆಸರಿನಲ್ಲಿ ನಡೆಯುತ್ತಿದೆ. ಮಾಡುವವರು ಕ್ರೂರಿಗಳಲ್ಲ, ಹಕ್ಕಿಗಳನ್ನು ಪ್ರೀತಿಸುವವರು. ಅವರ ವಾದದಲ್ಲಿ ತಿರುಳೂ ಇದೆ. ಜೀವದಯೆಯನ್ನು ಧರ್ಮದ ಮೂಲವೆಂದು ನಂಬಿದ ನಾವು ಆ ವಾದವನ್ನು ಸರಿಯಾಗಿ ಕೇಳಿಸಿಕೊಂಡು ಉತ್ತರ ಕೊಡಬೇಕಾಗುತ್ತದೆ. ಕೀನ್ಯಾದ ನೈರೋಬಿ, ಮೊಂಬಾಸಾ ನಗರಗಳಲ್ಲಿ ಓಸ್ವಾಲ್ ಜೈನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಈ ಪ್ರಶ್ನೆ ಅವರ ಮನೆಯಂಗಳದ್ದೇ ಆಗಿದೆ. ನಮ್ಮ ದೇಶದ ಕಾನೂನಿನಲ್ಲೂ ಅದು ಈಗಾಗಲೇ ಬಂದು ಕುಳಿತಿದೆ.

ಕಾಗೆ ಅಲ್ಲಿಗೆ ಹೋದದ್ದು ಹೇಗೆ?

ಕಾಗೆ ತಾನಾಗಿ ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹಾರಲಿಲ್ಲ. 1890ರ ದಶಕದಲ್ಲಿ ಜಾಂಜಿಬಾರ್ ದ್ವೀಪದ ಬ್ರಿಟಿಷ್ ಆಡಳಿತ, ಊರಿನ ಕಸ ತಿಂದು ಸ್ವಚ್ಛ ಮಾಡಲಿ ಎಂದು ಅದನ್ನು ತರಿಸಿತು. ಅಲ್ಲಿಂದ ಅದು ಪೂರ್ವ ಆಫ್ರಿಕಾದ ಕರಾವಳಿಗೆ ಹಬ್ಬಿತು. ಹಡಗುಗಳ ಮೇಲೆ ಕುಳಿತು ಬಂದರಿನಿಂದ ಬಂದರಿಗೆ ಹೋಗುವ ಅಭ್ಯಾಸವೂ ಈ ಹಕ್ಕಿಗೆ ಇದೆ. 1947ರ ಹೊತ್ತಿಗೆ ಮೊಂಬಾಸಾದಲ್ಲಿ ಕಾಣಿಸಿಕೊಂಡಿತು. ಊರು ಬೆಳೆದಂತೆ ಕಸ ಬೆಳೆಯಿತು, ಕಸ ಬೆಳೆದಂತೆ ಕಾಗೆ ಬೆಳೆಯಿತು.

ಊರಕಾಗೆ ಮನುಷ್ಯನನ್ನು ಬಿಟ್ಟು ದೂರದ ಕಾಡಿನಲ್ಲಿ ಬಾಳುವ ಹಕ್ಕಿಯಲ್ಲ. ಅದರ ಸಂಖ್ಯೆ ಎಷ್ಟೆಂಬುದನ್ನು ಬಹುಮಟ್ಟಿಗೆ ನಮ್ಮ ತಿಪ್ಪೆಯೇ ತೀರ್ಮಾನಿಸುತ್ತದೆ. ಆದರೆ ಅದು ಕಸವನ್ನಷ್ಟೇ ತಿನ್ನುವುದಿಲ್ಲ. ಗೀಜಗ, ಸೂರಕ್ಕಿಯಂಥ ಸಣ್ಣ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ಕೀಳುತ್ತದೆ, ಕೋಳಿಮರಿಗಳನ್ನು ಹೊತ್ತೊಯ್ಯುತ್ತದೆ, ಅಲ್ಲಿನ ಮೂಲದ ಬಿಳಿ ಎದೆಯ ಕಾಗೆಯನ್ನೂ ಓಡಿಸುತ್ತದೆ. ಹಕ್ಕಿ ತಜ್ಞರು, ರೈತರು ಮತ್ತು ಕರಾವಳಿಯ ಹೋಟೆಲಿನವರು ಒಟ್ಟಾಗಿ ದೂರಿದ ಮೇಲೆ ಸರ್ಕಾರ ಮುಂದಾಯಿತು.

ಆರಿಸಿಕೊಂಡ ದಾರಿ ವಿಷ. ಸ್ಟಾರ್ಲಿಸೈಡ್ ಎಂಬ ಈ ಔಷಧವನ್ನು ಅಮೆರಿಕದಲ್ಲಿ ಬೇರೊಂದು ಹಕ್ಕಿಯನ್ನು ಕೊಲ್ಲಲೆಂದು ತಯಾರಿಸಿದ್ದು. ಮಾಂಸದ ತುಣುಕುಗಳಲ್ಲಿ ಬೆರೆಸಿ ಇಡುತ್ತಾರೆ. ತಿಂದ ಕಾಗೆ ತಕ್ಷಣ ಸಾಯುವುದಿಲ್ಲ. ಹಲವು ಗಂಟೆಗಳ ನಂತರ ಒಳಗಿನ ಅಂಗಗಳು ಕೆಟ್ಟು ಸಾಯುತ್ತದೆ. ಅಷ್ಟರಲ್ಲಿ ವಿಷ ದೇಹದಲ್ಲಿ ಕರಗಿಹೋಗುವುದರಿಂದ ಸತ್ತ ಕಾಗೆಯನ್ನು ತಿಂದ ಪ್ರಾಣಿಗೆ ಅಪಾಯ ಕಡಿಮೆ ಎಂಬುದು ಅದನ್ನು ಬಳಸುವವರ ಸಮರ್ಥನೆ.

ಇದು ಮೊದಲ ಪ್ರಯತ್ನವೂ ಅಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇದೇ ವಿಷದಿಂದ ಕೀನ್ಯಾ ಕರಾವಳಿಯಲ್ಲಿ ಕಾಗೆಗಳ ಸಂಖ್ಯೆ ಇಳಿಸಿದ್ದರು. ವಿಷ ನಿಂತಿತು, ಕಸ ನಿಲ್ಲಲಿಲ್ಲ. ಕಾಗೆಗಳು ಮತ್ತೆ ತುಂಬಿಕೊಂಡವು.

ಸಂರಕ್ಷಣೆಯವರ ವಾದ

ಹೊರಗಿನಿಂದ ಬಂದ ಜೀವಿಗಳಿಂದ ಆಗುವ ಹಾನಿ ಕಟ್ಟುಕಥೆಯಲ್ಲ. ಜೀವವೈವಿಧ್ಯ ಕುರಿತು ಸರ್ಕಾರಗಳಿಗೆ ವೈಜ್ಞಾನಿಕ ಸಲಹೆ ನೀಡುವ ಅಂತರರಾಷ್ಟ್ರೀಯ ವೇದಿಕೆ ಐಪಿಬಿಇಎಸ್ 2023ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿತು. ಮನುಷ್ಯರ ಚಟುವಟಿಕೆಯಿಂದ 37,000ಕ್ಕೂ ಹೆಚ್ಚು ಬಗೆಯ ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳು ತಮ್ಮದಲ್ಲದ ನೆಲಕ್ಕೆ ಹೋಗಿ ನೆಲೆಸಿವೆ. ಅವುಗಳಲ್ಲಿ 3,500ಕ್ಕಿಂತ ಹೆಚ್ಚು ಹಾನಿಕರ. ದಾಖಲಾದ ಜೀವಿನಾಶಗಳಲ್ಲಿ ಶೇ. 60ರಷ್ಟಕ್ಕೆ ಇವು ಪ್ರಮುಖ ಕಾರಣಗಳಲ್ಲೊಂದು, ಶೇ. 16ರಷ್ಟಕ್ಕೆ ಇವೇ ಏಕೈಕ ಕಾರಣ ಎನ್ನುತ್ತದೆ ಆ ವರದಿ.

ಅಟ್ಲಾಂಟಿಕ್ ಸಾಗರದ ದಕ್ಷಿಣದಲ್ಲಿರುವ ಗಾಫ್ ದ್ವೀಪದ ಸಂಗತಿ ಇನ್ನೂ ಕಠಿಣವಾದದ್ದು. 19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳಿಂದ ಇಳಿದ ಮನೆ ಇಲಿಗಳು ಅಲ್ಲಿ ಹೆಚ್ಚಿ, ಗೂಡಿನಲ್ಲಿ ಕುಳಿತ ಆಲ್ಬಟ್ರಾಸ್ ಕಡಲಹಕ್ಕಿಗಳ ಮರಿಗಳನ್ನು ರಾತ್ರಿ ಹೊತ್ತು ಜೀವಂತವಾಗಿ ಕಚ್ಚಿ ತಿನ್ನತೊಡಗಿದವು. ಮರಿ ಇಲಿಗಿಂತ ನೂರಾರು ಪಟ್ಟು ದೊಡ್ಡದು. ಆದರೆ ಇಲಿಗಳೇ ಇಲ್ಲದ ದ್ವೀಪದಲ್ಲಿ ಯುಗಯುಗಗಳಿಂದ ಬಾಳಿದ ಆ ಹಕ್ಕಿಗೆ ಕೊಸರಿಕೊಂಡು ತಪ್ಪಿಸಿಕೊಳ್ಳಬೇಕೆಂಬ ಅರಿವೇ ಇಲ್ಲ. ಟ್ರಿಸ್ಟನ್ ಆಲ್ಬಟ್ರಾಸ್ ಎಂಬ ಜಾತಿ ಮರಿ ಮಾಡುವುದು ಹೆಚ್ಚುಕಡಿಮೆ ಅದೊಂದೇ ದ್ವೀಪದಲ್ಲಿ. 2021ರಲ್ಲಿ ಹೆಲಿಕಾಪ್ಟರ್‌ಗಳಿಂದ ದ್ವೀಪವಿಡೀ ವಿಷದ ಕಾಳು ಚೆಲ್ಲಿದರು. ಅದೇ ವರ್ಷದ ಕೊನೆಯಲ್ಲಿ ಬದುಕುಳಿದ ಇಲಿ ಕಾಣಿಸಿಕೊಂಡಿತು. ಎಲ್ಲ ಇಲಿಗಳನ್ನೂ ತೆಗೆಯುವ ಪ್ರಯತ್ನ ವಿಫಲವಾಯಿತು.

ಇಲ್ಲಿ ಸುಮ್ಮನಿದ್ದರೂ ಸಂಕಟ, ಕೈಹಾಕಿದರೂ ಸಂಕಟ. ಮರಿಯೂ ಪಂಚೇಂದ್ರಿಯ ಜೀವ, ಇಲಿಯೂ ಪಂಚೇಂದ್ರಿಯ ಜೀವ. ಅಹಿಂಸೆಯ ಹೆಸರು ಹೇಳಿ ಈ ಪ್ರಶ್ನೆಯಿಂದ ಸುಲಭವಾಗಿ ನುಣುಚಿಕೊಳ್ಳಲು ಆಗುವುದಿಲ್ಲ.

ಶಾಸ್ತ್ರದ ಬೆಳಕಿನಲ್ಲಿ

ಒಂದನ್ನು ಕೊಂದರೆ ಹಲವು ಉಳಿಯುತ್ತವೆ ಎಂಬ ವಾದ ನಮಗೆ ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದೇ ವಾದವನ್ನು ಎತ್ತಿಕೊಂಡು ತಳ್ಳಿಹಾಕಿದ್ದಾರೆ. ಹಿಂಸ್ರ ಪ್ರಾಣಿಯೊಂದನ್ನು ಕೊಲ್ಲುವುದರಿಂದ ಬಹುಜೀವಗಳ ರಕ್ಷಣೆಯಾಗುತ್ತದೆ ಎಂದು ಭಾವಿಸಿ ಅದನ್ನು ಕೊಲ್ಲಬಾರದು ಎಂಬುದು ಅವರ ನಿಲುವು. ಕೊಲ್ಲುವ ಪ್ರಾಣಿ ಬಹಳ ಪಾಪ ಕಟ್ಟಿಕೊಳ್ಳುತ್ತದೆ, ಅದನ್ನು ಕೊಂದು ಉಪಕಾರ ಮಾಡೋಣ ಎಂಬ ಮಾತನ್ನೂ, ದುಃಖದಲ್ಲಿರುವ ಜೀವಿಯನ್ನು ಕೊಂದು ದುಃಖ ತಪ್ಪಿಸೋಣ ಎಂಬ ಮಾತನ್ನೂ ಅವರು ಒಪ್ಪುವುದಿಲ್ಲ.

ಶ್ರಾವಕರಿಗೆ ಹೇಳುವ ಹಿಂಸೆಯ ನಾಲ್ಕು ಬಗೆಗಳನ್ನೂ ಇಲ್ಲಿ ನೆನೆಯಬೇಕು. ಆರಂಭಿ ಹಿಂಸೆ ಮನೆಗೆಲಸದಲ್ಲಿ ಆಗುವುದು, ಉದ್ಯೋಗಿ ಹಿಂಸೆ ಜೀವನೋಪಾಯದಲ್ಲಿ ಆಗುವುದು, ವಿರೋಧಿ ಹಿಂಸೆ ತನ್ನನ್ನೋ ಆಶ್ರಿತರನ್ನೋ ಕಾಪಾಡಿಕೊಳ್ಳುವಾಗ ಆಗುವುದು. ಈ ಮೂರನ್ನು ಗೃಹಸ್ಥ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಕೊಲ್ಲಬೇಕೆಂದೇ ಸಂಕಲ್ಪಿಸಿ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನು ಪೂರ್ತಿ ಬಿಡಬೇಕು. ಸಂರಕ್ಷಣೆಯವರು ತಮ್ಮ ಕೆಲಸವನ್ನು ಬಹುಶಃ ವಿರೋಧಿ ಹಿಂಸೆಯ ಸಾಲಿಗೆ ಸೇರಿಸುತ್ತಾರೆ: ದುರ್ಬಲ ಹಕ್ಕಿಗಳ ಪರವಾಗಿ ನಿಂತಿದ್ದೇವೆ ಎಂದು. ಆದರೆ ಹತ್ತು ಲಕ್ಷ ಎಂಬ ಸಂಖ್ಯೆ, ಇಂತಿಷ್ಟು ತಿಂಗಳೊಳಗೆ ಎಂಬ ಗಡುವು ಇಟ್ಟುಕೊಂಡು ಹೊರಟಾಗ ಅದು ರಕ್ಷಣೆಯ ಗಡಿ ದಾಟಿ ಸಂಕಲ್ಪವಾಗಿಬಿಡುತ್ತದೆ. ಅದರೊಳಗೆ ಹೋಟೆಲಿನ ಅತಿಥಿಗಳ ನೆಮ್ಮದಿಯೂ ಒಂದು ಕಾರಣವಾಗಿ ಸೇರಿಕೊಂಡರೆ ವಿರೋಧಿ ಹಿಂಸೆ ಎನ್ನುವ ಮಾತು ಇನ್ನಷ್ಟು ಸಡಿಲವಾಗುತ್ತದೆ.

ಹಾಗಾದರೆ ಇಷ್ಟಕ್ಕೇ ಕೈತೊಳೆದುಕೊಳ್ಳಬಹುದೇ? ಇಲ್ಲ. ಅಮೃತಚಂದ್ರರ ಮಾತು ಹಿಂಸ್ರ ಪ್ರಾಣಿಗಳ ಸಹಜ ಬದುಕಿಗೆ ಸಂಬಂಧಿಸಿದ್ದು. ಕಾಡಿನಲ್ಲಿ ಹುಲಿ ಜಿಂಕೆಯನ್ನು ಹಿಡಿಯುವುದರಲ್ಲಿ ನಮ್ಮ ಪಾಲಿಲ್ಲ. ಗಾಫ್ ದ್ವೀಪಕ್ಕೆ ಇಲಿಯನ್ನು ಇಳಿಸಿದ್ದು, ಜಾಂಜಿಬಾರ್‌ಗೆ ಕಾಗೆಯನ್ನು ತಂದದ್ದು ಮನುಷ್ಯ. ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಈ ಪ್ರಕರಣಗಳಲ್ಲಿ ಪ್ರಮಾದ ನಡೆದದ್ದು ಹಡಗು ದಡ ಮುಟ್ಟಿದ ದಿನ. ಕಾಗೆ ತನ್ನ ಸ್ವಭಾವದಂತೆ ಬದುಕಿತು, ಇಲಿಯೂ ಹಾಗೆಯೇ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ ಎಂಬಂತಾಗಿದೆ.

ಆದ್ದರಿಂದ ಕೊಲ್ಲಬೇಡಿ ಎಂದು ಹೇಳುವವರ ಮೇಲೆ ಒಂದು ಹೊಣೆಯೂ ಇದೆ. ಆ ಪ್ರಮಾದವನ್ನು ಸರಿಪಡಿಸುವ ಬೇರೆ ದಾರಿಗೆ ದುಡಿಯಬೇಕು, ಹಣ ಕೊಡಬೇಕು. ಮಾತಿನಲ್ಲಿ ದಯೆ ತೋರಿಸಿ ಮರಿಗಳ ಸಾವಿಗೆ ಕಣ್ಣು ಮುಚ್ಚಿದರೆ ಅದು ಅರ್ಧ ಅಹಿಂಸೆ.

ಸ್ಕಾಟ್ಲೆಂಡ್‌ನ ದ್ವೀಪಗಳಲ್ಲಿ ನಡೆದದ್ದು

ಬೇರೆ ದಾರಿ ಇರಬಹುದು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಸ್ಕಾಟ್ಲೆಂಡ್‌ನ ಪಶ್ಚಿಮಕ್ಕಿರುವ ಯೂಯಿಸ್ಟ್ ದ್ವೀಪಗಳದ್ದು. 1974ರಲ್ಲಿ ಯಾರೋ ತೋಟದ ಹುಳುಗಳನ್ನು ತಿನ್ನಲಿ ಎಂದು ಕೆಲವು ಹೆಡ್ಜ್‌ಹಾಗ್‌ಗಳನ್ನು ಅಲ್ಲಿಗೆ ತಂದರು. ಮೈತುಂಬ ಮುಳ್ಳಿರುವ, ಇಲಿಗಿಂತ ತುಸು ದೊಡ್ಡದಾದ ಸಾಧು ಪ್ರಾಣಿ ಅದು. ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಎಲ್ಲರಿಗೂ ಪ್ರಿಯವಾದದ್ದು. ಆದರೆ ದ್ವೀಪದಲ್ಲಿ ಅವು ಸಾವಿರಾರಾಗಿ ಬೆಳೆದು, ನೆಲದ ಮೇಲೆ ಗೂಡು ಕಟ್ಟುವ ಕಡಲತೀರದ ಹಕ್ಕಿಗಳ ಮೊಟ್ಟೆ ತಿನ್ನತೊಡಗಿದವು.

2003ರಲ್ಲಿ ಅಲ್ಲಿನ ಸರ್ಕಾರಿ ಸಂರಕ್ಷಣಾ ಸಂಸ್ಥೆ ಅವುಗಳನ್ನು ಹಿಡಿದು ಚುಚ್ಚುಮದ್ದು ಕೊಟ್ಟು ಕೊಲ್ಲಲು ಆರಂಭಿಸಿತು. ಮುಖ್ಯ ಭೂಭಾಗಕ್ಕೆ ಸಾಗಿಸಿದರೆ ಹೊಸ ಜಾಗದಲ್ಲಿ ಹೊಂದಿಕೊಳ್ಳಲಾರದೆ ನರಳಿ ಸಾಯುತ್ತವೆ, ಅದಕ್ಕಿಂತ ಇದೇ ದಯೆ ಎಂಬುದು ಸಂಸ್ಥೆ ಕೊಟ್ಟ ಕಾರಣ. ಪ್ರಾಣಿಪ್ರಿಯರು ಒಪ್ಪಲಿಲ್ಲ. ತಾವೇ ದ್ವೀಪಕ್ಕೆ ಹೋಗಿ ರಾತ್ರಿಯಿಡೀ ಹುಡುಕಿ ಹಿಡಿದು, ಸಾಗಿಸಿ, ಮುಖ್ಯ ಭೂಭಾಗದಲ್ಲಿ ಬಿಟ್ಟರು. ಬಿಟ್ಟವು ಬದುಕುತ್ತವೆಯೇ ಎಂಬುದರ ಅಧ್ಯಯನವೂ ನಡೆಯಿತು. 2007ರಲ್ಲಿ ಸಂಸ್ಥೆ ಕೊಲ್ಲುವುದನ್ನು ನಿಲ್ಲಿಸಿ, ಸಾಗಿಸುವ ದಾರಿಗೆ ಬಂತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಎರಡು. ಕೊಲ್ಲುವುದೇ ದಯೆ ಎಂಬ ತಜ್ಞರ ಮಾತು ಕೂಡ ಪರೀಕ್ಷೆಗೆ ಒಳಗಾಗಬೇಕು. ಮತ್ತೆ, ಆ ಮಾತನ್ನು ಬದಲಿಸಿದ್ದು ಬರೀ ಪ್ರತಿಭಟನೆಯಲ್ಲ. ಚಳಿಯಲ್ಲಿ ಟಾರ್ಚ್ ಹಿಡಿದು ಓಡಾಡಿದ ಜನ, ಅವರು ಖರ್ಚು ಮಾಡಿದ ಹಣ, ಮತ್ತು ಅಧ್ಯಯನ ಇವು ಸೇರಿ ಬದಲಿಸಿದವು. ಹತ್ತು ಲಕ್ಷ ಕಾಗೆಗಳನ್ನು ಹೀಗೆ ಹಿಡಿದು ಸಾಗಿಸಲು ಆಗದು, ನಿಜ. ಆದರೆ ಕಾಗೆಯ ವಿಷಯದಲ್ಲಿ ಕೀಲಿಕೈ ಇರುವುದು ಕಸದ ರಾಶಿಯಲ್ಲಿ. ಕಸಾಯಿಖಾನೆಯ ಮತ್ತು ಹೋಟೆಲಿನ ತ್ಯಾಜ್ಯ ಬಯಲಿಗೆ ಬೀಳದಂತೆ ಮಾಡಿದರೆ ಹುಟ್ಟುವ ಮರಿಗಳೇ ಕಡಿಮೆಯಾಗುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಮೊಟ್ಟೆ ಇಡುವ ಮೊದಲೇ ಗೂಡು ತೆಗೆಯುವ ದಾರಿಯೂ ಇದೆ. ಇವು ನಿಧಾನ, ವರ್ಷಗಟ್ಟಲೆ ಹಿಡಿಯುವ ಕೆಲಸ. ಆದರೆ ವಿಷದ ದಾರಿಯೂ ಇಪ್ಪತ್ತು ವರ್ಷಗಳ ನಂತರ ಹೊರಟಲ್ಲಿಗೇ ಬಂದು ನಿಂತಿದೆ.

ನಾವು ಕೇಳಬೇಕಾದ ಪ್ರಶ್ನೆಗಳು

ಇಂಥ ಸುದ್ದಿ ಬಂದಾಗ ಒಮ್ಮೆಲೇ ಖಂಡಿಸುವುದಕ್ಕಿಂತ, ಒಮ್ಮೆಲೇ ವಿಜ್ಞಾನಿಗಳು ಹೇಳಿದರೆಂದು ಒಪ್ಪುವುದಕ್ಕಿಂತ, ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು.

1. ಈ ಜೀವಿ ಬಂದ ದಾರಿಯನ್ನು ಮುಚ್ಚಿದ್ದಾರೆಯೇ? ಬಾಗಿಲು ತೆರೆದಿಟ್ಟು ಒಳಗೆ ಬಂದವರನ್ನು ಕೊಲ್ಲುತ್ತಿದ್ದರೆ ಆ ಹಿಂಸೆಗೆ ಕೊನೆಯೇ ಇಲ್ಲ.

2. ಅದು ಹೆಚ್ಚಲು ಕಾರಣವಾದ ಆಹಾರ, ಕಸ, ಆಶ್ರಯವನ್ನು ಮೊದಲು ಕಡಿಮೆ ಮಾಡಿದ್ದಾರೆಯೇ?

3. ಕೊಲ್ಲದ ದಾರಿಗಳನ್ನು ನಿಜವಾಗಿ ಪ್ರಯತ್ನಿಸಿ ನೋಡಿದ್ದಾರೆಯೇ, ಇಲ್ಲ ಖರ್ಚು ಹೆಚ್ಚೆಂದು ಬಿಟ್ಟಿದ್ದಾರೆಯೇ?

4. ಕೊಲ್ಲುವುದನ್ನು ಸಂಭ್ರಮವಾಗಿ ಮಾಡಿದ್ದಾರೆಯೇ?

ನಾಲ್ಕನೆಯ ಪ್ರಶ್ನೆ ಮುಖ್ಯ. ಅಮೆರಿಕದ ಫ್ಲೋರಿಡಾದಲ್ಲಿ ಸಾಕುವವರ ಕೈತಪ್ಪಿ ಜೌಗು ಕಾಡು ಸೇರಿದ ಬರ್ಮಾ ಹೆಬ್ಬಾವುಗಳನ್ನು ಹಿಡಿದು ಕೊಲ್ಲಲು ನಗದು ಬಹುಮಾನದ ಸ್ಪರ್ಧೆ ನಡೆಯುತ್ತದೆ. ನ್ಯೂಜಿಲೆಂಡ್‌ನಲ್ಲಿ 2023ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಕಾಡುಬೆಕ್ಕುಗಳನ್ನು ಕೊಲ್ಲುವ ಸ್ಪರ್ಧೆ ಪ್ರಕಟಿಸಿ, ಜನ ಛೀಮಾರಿ ಹಾಕಿದ ಮೇಲೆ ಹಿಂದೆ ತೆಗೆದುಕೊಂಡರು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಕರ್ಮಬಂಧಕ್ಕೆ ಕಾರಣ ಎಂದು ಕೃತ, ಕಾರಿತ, ಅನುಮೋದನೆಯ ವಿಷಯದಲ್ಲಿ ನಾವು ಕಲಿತಿದ್ದೇವೆ. ಅನಿವಾರ್ಯವೆಂದು ನೊಂದು ಮಾಡುವುದಕ್ಕೂ ಬಹುಮಾನಕ್ಕಾಗಿ ನಲಿದು ಮಾಡುವುದಕ್ಕೂ ಭಾವದಲ್ಲಿ ಅಂತರ ಬಹಳ. ಹೊರಗಿನದು ಎಂಬ ಹಣೆಪಟ್ಟಿ ಅಂಟಿಸಿದ ಕೂಡಲೇ ಆ ಜೀವದ ನೋವು ಲೆಕ್ಕಕ್ಕಿಲ್ಲ ಎಂದು ಮಕ್ಕಳಿಗೆ ಕಲಿಸುವುದು ಅವರಿಗೇ ಮಾಡುವ ಹಾನಿ.

ನಮ್ಮ ಕಾನೂನಿನಲ್ಲಿ ಈಗ ಏನಿದೆ?

ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ಬದಲಾವಣೆ ಈ ವಿಷಯಕ್ಕೆ ಸಂಬಂಧಿಸಿವೆ. ಮೊದಲನೆಯದು ಸಂತೋಷದ್ದು. ಕಾಗೆ, ಬಾವಲಿ, ಇಲಿಗಳನ್ನು ಪೀಡೆಯೆಂದು ಪಟ್ಟಿ ಮಾಡಿದ್ದ ಹಳೆಯ ಐದನೇ ಅನುಸೂಚಿಯನ್ನು ತೆಗೆದುಹಾಕಲಾಯಿತು.

ಎರಡನೆಯದು ಎಚ್ಚರ ಬೇಡುವಂಥದ್ದು. ದೇಶದ ಮೂಲದ್ದಲ್ಲದ, ಇಲ್ಲಿನ ವನ್ಯಜೀವಿಗೆ ಅಪಾಯ ತರುವ ಜೀವಿಗಳ ಆಮದು, ವ್ಯಾಪಾರ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು 62ಎ ಕಲಮು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಇದು ಬೇಕಾಗಿಯೇ ಇತ್ತು. ಆದರೆ ವಶಪಡಿಸಿಕೊಂಡ ಜೀವಿಗಳನ್ನು ನಾಶಪಡಿಸುವುದೂ ಸೇರಿದಂತೆ ವಿಲೇವಾರಿ ಮಾಡಬಹುದು ಎಂಬ ಮಾತು ಅದರಲ್ಲೇ ಇದೆ. ಮುಂದೆ ಈ ಕಲಮಿನ ಅಡಿಯಲ್ಲಿ ಯಾವ ಜೀವಿಗಳನ್ನು ಪಟ್ಟಿ ಮಾಡುತ್ತಾರೆ, ವಶವಾದ ಪ್ರಾಣಿಗಳಿಗೆ ಆಶ್ರಯ ಎಲ್ಲಿ ಎಂಬುದು ನಮ್ಮ ಸಮಾಜದ ಸಂಸ್ಥೆಗಳು ಕೇಳಬೇಕಾದ ಪ್ರಶ್ನೆ. ಗೋಶಾಲೆ, ಪಾಂಜರಾಪೋಳಗಳನ್ನು ನಡೆಸಿದ ಅನುಭವ ನಮ್ಮವರಿಗಿದೆ. ನಾಶಕ್ಕೆ ಬದಲು ಜೀವನಪರ್ಯಂತ ಆಶ್ರಯ ಕೊಡುತ್ತೇವೆ ಎಂದು ಹೇಳಲು ಸಾಧ್ಯವಾದರೆ ಮಾತ್ರ ನಮ್ಮ ವಿರೋಧಕ್ಕೆ ತೂಕ ಬರುತ್ತದೆ.

ಅಭಯದಾನದಲ್ಲೂ ವಿವೇಕ

ಪ್ರಾಣಿಗಳನ್ನು ಕೊಂಡು ಬಿಡುಗಡೆ ಮಾಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಬೌದ್ಧರಲ್ಲೂ ಈ ಪದ್ಧತಿ ಇದೆ. 2015ರಲ್ಲಿ ಇಂಗ್ಲೆಂಡಿನ ಬ್ರೈಟನ್ ಬಳಿ ಕೆಲವು ಬೌದ್ಧರು ಅಡುಗೆಗೆಂದು ಮಾರಾಟಕ್ಕಿದ್ದ ನೂರಾರು ಅಮೆರಿಕನ್ ಲಾಬ್‌ಸ್ಟರ್ ಮತ್ತು ಏಡಿಗಳನ್ನು ಕೊಂಡು ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಬಿಟ್ಟರು. ಉದ್ದೇಶ ಶುದ್ಧ. ಆದರೆ ಅವು ಆ ಸಮುದ್ರದವಲ್ಲ. ಅಲ್ಲಿನ ಜೀವಿಗಳಿಗೆ ರೋಗ ಹರಡುವ ಭಯವಿತ್ತು. ಅವನ್ನು ಮತ್ತೆ ಹಿಡಿಯಲು ಸರ್ಕಾರ ಮೀನುಗಾರರಿಗೆ ಹಣ ಕೊಡಬೇಕಾಯಿತು. 2017ರಲ್ಲಿ ನ್ಯಾಯಾಲಯ ಇಬ್ಬರಿಗೆ ದಂಡ ವಿಧಿಸಿತು. ಉಳಿಸಲು ಹೋದ ಜೀವಗಳು ಮತ್ತೆ ಬಲೆಗೆ ಬಿದ್ದವು.

ನಮ್ಮ ನಗರಗಳ ಅಕ್ವೇರಿಯಂ ಅಂಗಡಿಗಳಲ್ಲಿ ಕಿವಿಯ ಬಳಿ ಕೆಂಪು ಪಟ್ಟಿ ಇರುವ ಪುಟ್ಟ ಆಮೆಗಳನ್ನು ಮಾರುತ್ತಾರೆ. ಅವು ಅಮೆರಿಕದ ಮಿಸಿಸಿಪ್ಪಿ ಪ್ರದೇಶದವು. ಕೊಳ್ಳುವಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದರೂ ಒಂದು ಅಡಿಯಷ್ಟು ಬೆಳೆಯುತ್ತವೆ, ದಶಕಗಳ ಕಾಲ ಬದುಕುತ್ತವೆ. ಸಾಕಲಾರದೆ ಜನ ಕೆರೆಗೋ ಕಲ್ಯಾಣಿಗೋ ಬಿಡುತ್ತಾರೆ. ಅಲ್ಲಿ ಅವು ನಮ್ಮ ಆಮೆಗಳ ಆಹಾರ ಮತ್ತು ಜಾಗ ಕಸಿಯುತ್ತವೆ. ಮುಂದೊಂದು ದಿನ ಅವನ್ನು ನಾಶ ಮಾಡಿ ಎಂಬ ಆದೇಶ ಬಂದರೆ, ಆ ಹಿಂಸೆಯ ಮೊದಲ ಹೆಜ್ಜೆ ಇಟ್ಟವರು ದಯೆಯಿಂದ ನೀರಿಗೆ ಬಿಟ್ಟವರೇ ಆಗಿರುತ್ತಾರೆ.

ತೋಟಗಾರರ ಕಷ್ಟ ಬೇರೆಯದು. ಆಫ್ರಿಕಾ ಮೂಲದ ದೈತ್ಯ ಬಸವನಹುಳು 1847ರಲ್ಲಿ ಕಲ್ಕತ್ತೆಗೆ ಬಂತು. ಈಗ ನಮ್ಮ ಕಾಫಿ ತೋಟ, ತರಕಾರಿ ಹೊಲಗಳವರೆಗೆ ಹಬ್ಬಿದೆ. ದ್ವೀಂದ್ರಿಯ ಜೀವ ಅದು. ಬೆಳೆ ತಿನ್ನುವ ಅದನ್ನು ಉಪ್ಪು ಸುರಿದು ಕೊಲ್ಲುವ ಸಂಕಟ ಕೃಷಿಕ ಶ್ರಾವಕರಿಗೆ ಚೆನ್ನಾಗಿ ಗೊತ್ತು. ಇಲ್ಲೂ ತಡೆಯುವುದೇ ಅಹಿಂಸೆಗೆ ಹತ್ತಿರ. ಅದು ಬಹಳ ಮಟ್ಟಿಗೆ ನರ್ಸರಿ ಗಿಡ, ಕುಂಡ, ಮಣ್ಣು, ಗೊಬ್ಬರದ ಜೊತೆ ಊರಿಂದೂರಿಗೆ ಬರುತ್ತದೆ. ಗಿಡ ತರುವಾಗ ಬೇರಿನ ಮಣ್ಣು ನೋಡಿ ತರುವುದು, ತೋಟದಂಚಿನ ಕೊಳೆತ ಸೊಪ್ಪುಸದೆ ತೆಗೆಯುವುದು, ಮಳೆಗಾಲಕ್ಕೆ ಮೊದಲೇ ತೇವದ ಮೂಲೆಗಳನ್ನು ಒಣಗಿಸಿಡುವುದು ಕೊಲ್ಲುವ ಪ್ರಮೇಯವನ್ನೇ ಕಡಿಮೆ ಮಾಡುತ್ತವೆ.

ಮನೆಯಲ್ಲಿ, ಬಸದಿಯಲ್ಲಿ ಮಾಡಬಹುದಾದದ್ದು

ಕುಟುಂಬಗಳು ಮತ್ತು ಬಸದಿ ಸಮಿತಿಗಳು ಇಷ್ಟನ್ನು ಪಾಲಿಸಿದರೆ ಸಾಕು, ಅದು ದೊಡ್ಡ ಜೀವದಯೆ.

ಪರದೇಶದ ಆಮೆ, ಹಾವು, ಗಿಳಿ, ಮೀನುಗಳನ್ನು ಕೊಳ್ಳಬೇಡಿ, ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡಬೇಡಿ. ಈಗಾಗಲೇ ಸಾಕುತ್ತಿದ್ದರೆ ಅದರ ಆಯುಷ್ಯವಿರುವವರೆಗೆ ಸಾಕುವುದು ನಿಮ್ಮ ಹೊಣೆ. ಕೆರೆಗೆ ಬಿಡುವುದು ಅಭಯದಾನವಲ್ಲ. ಪರ್ವದ ದಿನಗಳಲ್ಲಿ ಮೀನು, ಹಕ್ಕಿಗಳನ್ನು ಕೊಂಡು ಬಿಡುವ ಮುನ್ನ ಅವು ಯಾವ ನೀರಿನವು, ಯಾವ ನೆಲದವು ಎಂದು ಅರಣ್ಯ ಇಲಾಖೆ ಅಥವಾ ಪಶುವೈದ್ಯರನ್ನು ಕೇಳಿ. ಬಿಡುವುದಕ್ಕಾಗಿಯೇ ಕೊಂಡರೆ ಹಿಡಿಯುವವರಿಗೆ ಇನ್ನಷ್ಟು ಹಿಡಿಯಲು ಹಣ ಕೊಟ್ಟಂತಾಗುತ್ತದೆ ಎಂಬುದನ್ನೂ ಮರೆಯಬೇಡಿ. ಪೂಜೆ, ಪಂಚಕಲ್ಯಾಣ, ವಿವಾಹಗಳ ಊಟದ ಉಳಿಕೆಯನ್ನು ಬಯಲಿಗೆ ಸುರಿಯದೆ ಗೊಬ್ಬರ ಮಾಡಿ.

ಸಂರಕ್ಷಣೆಯವರು ಜಾತಿಯ ಉಳಿವನ್ನು ಲೆಕ್ಕ ಹಾಕುತ್ತಾರೆ, ನಾವು ಜೀವವನ್ನು ಲೆಕ್ಕ ಹಾಕುತ್ತೇವೆ. ಒಂದು ಕಾಡು ಹೇಗೆ ಉಳಿಯುತ್ತದೆ ಎಂಬುದನ್ನು ನಾವು ಅವರಿಂದ ಕಲಿಯಬೇಕು. ವಿಷ ತಿಂದ ಕಾಗೆಗೂ ನೋವಿದೆ ಎಂಬುದನ್ನು ಅವರಿಗೆ ನಾವು ಬಿಡದೆ ನೆನಪಿಸಬೇಕು. ಇಬ್ಬರೂ ಜಗಳವಿಲ್ಲದೆ ಸೇರಬಹುದಾದ ಜಾಗ ಒಂದೇ: ಜೀವಿಯನ್ನು ಅದರದಲ್ಲದ ನೆಲಕ್ಕೆ ಒಯ್ಯದಿರುವ ಎಚ್ಚರ. ಜಾಂಜಿಬಾರ್‌ನಲ್ಲಿ ಆ ದಿನ ಕಸವನ್ನು ಮನುಷ್ಯರೇ ಗುಡಿಸಿದ್ದರೆ, ಇಂದು ಕೀನ್ಯಾದಲ್ಲಿ ಯಾರೂ ವಿಷ ಬೆರೆಸಬೇಕಾಗಿರಲಿಲ್ಲ.